ಬಾಣಂತಿಯ ಪಕ್ಕದಲ್ಲಿ ಕೂರುವವರು ಯಾರು?

ಗರ್ಭಿಣಿಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ. ತಾಯಿ ಕಾರ್ಡ್ ಮಾಡಿಸು, ಕಬ್ಬಿಣದ ಮಾತ್ರೆ ಬಿಡಬೇಡ, ಎಡಮಗ್ಗುಲಲ್ಲಿ ಮಲಗು, ಭಾರ ಎತ್ತಬೇಡ. ಹೆರಿಗೆಗೆ ಹೋಗುವಾಗ ಬ್ಯಾಗಿನಲ್ಲಿ ಏನೇನಿರಬೇಕು ಎಂಬುದಕ್ಕೂ ಪಟ್ಟಿಯುಂಟು. ಆದರೆ ಮಗು ಹುಟ್ಟಿದ ಗಳಿಗೆಯಿಂದ ಹಗಲು ರಾತ್ರಿಯೆನ್ನದೆ ಮಾಡಬೇಕಾದ ಒಂದು ಕೆಲಸವನ್ನು ಮಾತ್ರ ಯಾರೂ ಮೊದಲೇ ಕೂರಿಸಿಕೊಂಡು ತೋರಿಸುವುದಿಲ್ಲ. ಎದೆಹಾಲು ಕುಡಿಸುವುದು ತಾಯಿಯಾದವಳಿಗೆ ತಾನಾಗಿಯೇ ಬರುತ್ತದೆ ಎಂದು ಎಲ್ಲರೂ ನಂಬಿಬಿಟ್ಟಿದ್ದೇವೆ. ಹಾಲು ತಾನಾಗಿ ಬರುತ್ತದೆ, ನಿಜ. ಕುಡಿಸುವುದು ಹಾಗೆ ಬರುವುದಿಲ್ಲ. ಅದನ್ನು ತಾಯಿ ಕಲಿಯಬೇಕು, ಕೂಸೂ ಕಲಿಯಬೇಕು. ಇಬ್ಬರಿಗೂ ಇದು ಹೊಸತು. ಅದರಲ್ಲೂ ಕಲಿಯಬೇಕಾದದ್ದು ಹೊಲಿಗೆ ಹಾಕಿದ ಗಾಯ ಇನ್ನೂ ಹಸಿಯಾಗಿರುವ, ನಿದ್ದೆ ಎಂಬುದೇ ಇಲ್ಲದ ದಿನಗಳಲ್ಲಿ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ದೇಶದ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. ಕರ್ನಾಟಕದಲ್ಲಂತೂ ಇದು ಶೇ 97. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಗೆ ಸೇರಿದ ಮಕ್ಕಳು ದೇಶದಲ್ಲಿ ಶೇ 41.8 ಮಾತ್ರ. ಸುತ್ತ ವೈದ್ಯರು, ದಾದಿಯರು ಇರುವ ಜಾಗದಲ್ಲೇ ಹುಟ್ಟಿದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಮೊದಲ ಗಂಟೆ ದಕ್ಕಿರಲಿಲ್ಲ. ತಾಯಂದಿರಿಗೆ ಮನಸ್ಸಿಲ್ಲವೆಂದು ಇದಕ್ಕೆ ಕಾರಣ ಹೇಳುವುದು ಅನ್ಯಾಯ. ಕೂಸನ್ನು ತಂದು ಎದೆಯ ಮೇಲಿಟ್ಟು, ಅರ್ಧ ಗಂಟೆ ಪಕ್ಕದಲ್ಲಿ ನಿಲ್ಲುವ ಒಂದು ಜೀವ ಆ ಹೊತ್ತಿನಲ್ಲಿ ಇರುವುದಿಲ್ಲ ಎಂಬುದೇ ನಾನು ಕಂಡ ಕಾರಣ.

ನನ್ನದು ಸಿಸೇರಿಯನ್ ಹೆರಿಗೆ. ಮಗಳ ಮುಖವನ್ನು ಒಂದು ಕ್ಷಣ ತೋರಿಸಿ ಕರೆದೊಯ್ದರು. ಅವಳು ಮತ್ತೆ ನನ್ನ ಕೈಗೆ ಬಂದಾಗ ಅವಳ ಮೊದಲ ಹಸಿವು ಡಬ್ಬಿ ಹಾಲಿನಲ್ಲಿ ತೀರಿಹೋಗಿತ್ತು. ಎದೆಗೆ ಹಿಡಿದರೆ ಬಾಯಿ ತೆರೆಯದೆ ನಿದ್ದೆ ಹೋದಳು. ಎಚ್ಚರವಾದಾಗ ಹಿಡಿದಳು, ಆದರೆ ನೋವಿಗೆ ನನ್ನ ಕಾಲ್ಬೆರಳುಗಳು ಮುದುಡಿಕೊಂಡವು. ಮೊದಮೊದಲು ನೋವು ಇರುವುದೇ, ತಡೆದುಕೋ ಎಂದರು ನೋಡಲು ಬಂದವರು. ಮರುದಿನ ಸಂಜೆಯ ಹೊತ್ತಿಗೆ ಎರಡೂ ತೊಟ್ಟು ಬಿರಿದು ರಕ್ತ ಒಸರುತ್ತಿತ್ತು. ಮಗು ಅತ್ತರೆ ಸಾಕು, ನನಗೆ ಹೆದರಿಕೆ.

ರಾತ್ರಿ ಪಾಳಿಗೆ ಬಂದ ಹಿರಿಯ ಸಿಸ್ಟರ್ ಒಬ್ಬರು ಏನೂ ಹೇಳದೆ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಕುಡಿಸುವುದನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಮಗು ತೊಟ್ಟು ಕಚ್ಚಿದೆ ಕಣಮ್ಮ, ಎದೆ ಹಿಡಿದಿಲ್ಲ" ಅಂದರು. ತಮ್ಮ ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಿಂದ ಒಳಗೆ ತೂರಿಸಿ ಮೆಲ್ಲಗೆ ಬಿಡಿಸಿದರು. ದಿಂಬೊಂದನ್ನು ನನ್ನ ಪಕ್ಕೆಗೆ ಒತ್ತಿ, ಮಗುವನ್ನು ಹೊಟ್ಟೆಯ ಹೊಲಿಗೆಗೆ ತಾಗದಂತೆ ನನ್ನ ಕಂಕುಳಡಿ ತಂದು ಹಿಡಿಸಿದರು. ನಾನು ಆವರೆಗೆ ಬೆನ್ನು ಬಾಗಿಸಿ ಎದೆಯನ್ನು ಮಗುವಿನ ಬಾಯಿಗೆ ಒಯ್ಯುತ್ತಿದ್ದೆ. ಅವರು ನನ್ನ ಭುಜವನ್ನು ಹಿಂದಕ್ಕೆ ಒರಗಿಸಿ, "ನೀವು ಆರಾಮಾಗಿ ಕೂತ್ಕೊಳ್ಳಿ, ಮಗೂನೇ ಬರ್ಲಿ" ಅಂದರು.

ಅವರು ಕಲಿಸಿದ್ದರ ಹಿಂದಿನ ವಿಜ್ಞಾನ ಸರಳ. ಹಾಲಿನ ನಾಳಗಳು ತೊಟ್ಟಿನಲ್ಲಿ ಬಂದು ತೆರೆದುಕೊಳ್ಳುತ್ತವೆ, ಆದರೆ ತೊಟ್ಟನ್ನಷ್ಟೇ ಚೀಪಿದರೆ ಹಾಲು ಸರಿಯಾಗಿ ಹರಿಯುವುದಿಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹಳಷ್ಟು ಮಗುವಿನ ಬಾಯೊಳಗೆ ಹೋಗಬೇಕು. ಆಗ ತೊಟ್ಟು ಬಾಯಿಯ ಹಿಂಭಾಗದಲ್ಲಿ, ಅಂಗುಳು ಮೆತ್ತಗಾಗುವ ಕಡೆಗೆ ತಲುಪುತ್ತದೆ. ಅಲ್ಲಿ ಅದನ್ನು ಜಜ್ಜುವಂಥದ್ದು ಏನೂ ಇಲ್ಲ. ಮಗು ಮೇಲೆಮೇಲೆ ಹಿಡಿದರೆ ತೊಟ್ಟು ನಾಲಗೆಗೂ ಗಟ್ಟಿ ಅಂಗುಳಿಗೂ ನಡುವೆ ಸಿಕ್ಕಿ ಅರೆದುಹೋಗುತ್ತದೆ. ತಾಯಿಗೆ ಗಾಯ, ಮಗುವಿಗೆ ಅರೆಹೊಟ್ಟೆ. ಎಳೆದ ಅನುಭವ ಮೊದಲ ದಿನಗಳಲ್ಲಿ ಇರಬಹುದು. ಆದರೆ ಕುಡಿಸುವಷ್ಟೂ ಹೊತ್ತು ಹಲ್ಲು ಕಚ್ಚಿ ಕೂರುವಂಥ ನೋವಿದ್ದರೆ ಅದು ತಾಯಿ ತಡೆದುಕೊಳ್ಳಬೇಕಾದ ನೋವಲ್ಲ, ಹಿಡಿತ ತಪ್ಪಿದೆ ಎಂಬ ಸೂಚನೆ.

ಹಿಡಿತ ಸರಿಯಿದೆಯೇ ಎಂದು ಕಣ್ಣಿನಿಂದಲೇ ತಿಳಿಯಬಹುದು. ಮಗುವಿನ ಬಾಯಿ ಆಕಳಿಸುವಷ್ಟು ಅಗಲ ತೆರೆದಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ಗಲ್ಲ ಎದೆಗೆ ತಾಗಿರುತ್ತದೆ, ಕಪ್ಪು ಭಾಗ ಕಂಡರೂ ಮೇಲಿನ ತುಟಿಯ ಕಡೆ ಹೆಚ್ಚು, ಕೆಳಗೆ ಕಡಿಮೆ ಕಾಣುತ್ತದೆ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿದ್ದು, ಹೊಟ್ಟೆ ತಾಯಿಯ ಮೈಗೆ ಅಂಟಿಕೊಂಡಿರಬೇಕು. ಕತ್ತು ತಿರುಗಿಸಿಕೊಂಡು ನುಂಗುವುದು ದೊಡ್ಡವರಿಗೇ ಕಷ್ಟ. ಮೂಗನ್ನು ತೊಟ್ಟಿನ ನೇರಕ್ಕೆ ಹಿಡಿದು ಕಾದರೆ ಮಗು ತಲೆ ಹಿಂದಕ್ಕೆ ವಾಲಿಸಿ ಬಾಯಿ ಬಿಡುತ್ತದೆ. ಆ ಕ್ಷಣದಲ್ಲಿ ಹತ್ತಿರಕ್ಕೆ ತಂದುಕೊಳ್ಳಬೇಕು. ಮೊದಲು ಬೇಗಬೇಗ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ, ನಡುನಡುವೆ ನಿಲ್ಲಿಸಿ ಕುಡಿಯುತ್ತದೆ. ಗುಟುಕರಿಸುವ ಸದ್ದು ಕೇಳಿಸುತ್ತದೆ. ಇದನ್ನೆಲ್ಲ ಬರೆಯಲು ಒಂದು ಪ್ಯಾರಾ ಸಾಕು. ಕೈಗೆ ಹತ್ತಲು ವಾರಗಳೇ ಬೇಕು. ನಡುರಾತ್ರಿ ಎರಡು ಗಂಟೆಗೆ ಕೂಸು ಕೆಂಪಾಗಿ ಕಿರುಚುವಾಗ ಓದಿದ್ದು ಯಾವುದೂ ನೆನಪಿಗೆ ಬರುವುದಿಲ್ಲ.

ಇನ್ನು ಮೊದಲ ಹಾಲಿನ ಮಾತು. ಹಸು ಕರು ಹಾಕಿದರೆ ಗಿಣ್ಣು ಮಾಡಿ ನೆರೆಮನೆಗೂ ಹಂಚುವವರು ನಾವು. ಆ ಹಾಲಿನ ಬೆಲೆ ನಮಗೆ ಗೊತ್ತು. ಆದರೂ ಎಷ್ಟೋ ಮನೆಗಳಲ್ಲಿ ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸಿ, ಮಗುವಿಗೆ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸಿದ್ದುಂಟು. ಆ ಹಳದಿ ಹಾಲಿನಲ್ಲಿ ಮಗುವಿನ ಕರುಳಿನ ಒಳಪದರಕ್ಕೆ ಕಾವಲಾಗಿ ನಿಲ್ಲುವ ಐಜಿಎ ಎಂಬ ರೋಗನಿರೋಧಕ ಪ್ರೋಟೀನು, ಬಿಳಿ ರಕ್ತಕಣಗಳು ತುಂಬಿರುತ್ತವೆ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ಮಗುವಿಗೆ ಮುಟ್ಟಿಸಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ, ಸ್ನಾಯುಗಳನ್ನು ಸೋಲಿಸುವ ಕಾಯಿಲೆ ತರಬಲ್ಲವು.

ಹಳದಿ ಹಾಲು ಬರುವುದು ಹನಿಗಳ ಲೆಕ್ಕದಲ್ಲಿ. ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದು ಹೆಚ್ಚುಕಡಿಮೆ 2ರಿಂದ 10 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಎರಡು ಟೀ ಚಮಚ. ಅಷ್ಟೇ ಅದಕ್ಕೆ ಬೇಕಾದದ್ದೂ ಕೂಡ. ಮಾಸು ಹೊರಬಿದ್ದ ಮೇಲೆ ತಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಥಟ್ಟನೆ ಇಳಿಯುತ್ತದೆ. ಆವರೆಗೆ ಅದರ ತಡೆಯಲ್ಲಿದ್ದ, ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಈಗ ಕೆಲಸ ಆರಂಭಿಸುತ್ತದೆ. ಹೀಗೆ ಎದೆ ತುಂಬಿ ಹಾಲು ಬರುವುದು ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ದಿನ. ಚೊಚ್ಚಲ ಹೆರಿಗೆ, ಸಿಸೇರಿಯನ್, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಒಂದು ದಿನ ತಡವಾಗಬಹುದು. ಈ ನಡುವಿನ ದಿನಗಳೇ ಅಪಾಯದವು. "ಹಾಲೇ ಇಳಿದಿಲ್ಲ, ಮಗು ಹಸ್ಕೊಂಡಿದೆ" ಎಂದು ಡಬ್ಬಿ ತರುವುದು ಆಗಲೇ. ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಹಾಲು ಹೆಚ್ಚಲಿಲ್ಲವೆಂದು ಇನ್ನೊಂದು ಚಮಚ ಪುಡಿ. ಎಷ್ಟೋ ತಾಯಂದಿರು ಹಾಲು ಬತ್ತಿತು ಎಂದುಕೊಳ್ಳುವುದು ಈ ಸುಳಿಯೊಳಗೆ ಬಿದ್ದು.

ಎದೆ ಹಾಲು ತುಂಬಿಟ್ಟುಕೊಂಡು ಬರಿದಾಗುವ ಪಾತ್ರೆಯಂತಲ್ಲ, ತೆಗೆದಷ್ಟೂ ಒಸರುವ ಬಾವಿಯಂತೆ. ಹಾಲು ಒಳಗೇ ಉಳಿದರೆ ಗ್ರಂಥಿಗಳಿಗೆ ಸಾಕೆಂಬ ಸಂದೇಶ ಹೋಗುತ್ತದೆ, ಖಾಲಿಯಾದರೆ ಇನ್ನೂ ಬೇಕೆಂಬ ಸಂದೇಶ. ಆದ್ದರಿಂದಲೇ ಹೊಸ ಕೂಸಿಗೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ 8ರಿಂದ 12 ಸಲ ಕುಡಿಸಬೇಕೆನ್ನುವುದು. ರಾತ್ರಿ ಕುಡಿಸುವಾಗ ಪ್ರೊಲ್ಯಾಕ್ಟಿನ್ ಹೆಚ್ಚು ಸ್ರವಿಸುತ್ತದೆ, ಹಾಗಾಗಿ ರಾತ್ರಿಯ ಹಾಲನ್ನು ತಪ್ಪಿಸಿ ಬಾಟಲಿ ಕೊಡುವುದರಿಂದ ಮರುದಿನದ ಹಾಲಿಗೇ ಪೆಟ್ಟು. ಸಂಜೆಯ ಹೊತ್ತು ಕೆಲವು ಮಕ್ಕಳು ಗಂಟೆಗಟ್ಟಲೆ ಎದೆ ಬಿಡದೆ, ಬಿಟ್ಟು ಬಿಟ್ಟು ಕುಡಿಯುತ್ತವೆ. ನನ್ನ ಮಗಳೂ ಹಾಗೆಯೇ ಮಾಡುತ್ತಿದ್ದಳು. ಹಾಲು ಸಾಲದ್ದಕ್ಕೆ ಹೀಗೆ ಎಂದೇ ಮನೆಯವರು ತಿಳಿದಿದ್ದರು. ಅದು ಎಳೆಗೂಸುಗಳ ಸಹಜ ರೀತಿ.

ಹಾಗಾದರೆ ಹಾಲು ಸಾಲುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಳುವಿನಿಂದ ತಿಳಿಯುವುದಿಲ್ಲ. ಮಗು ಸೆಕೆಗೂ ಅಳುತ್ತದೆ, ಎತ್ತಿಕೊಳ್ಳಲೆಂದೂ ಅಳುತ್ತದೆ. ಎದೆ ಹಿಂಡಿ ನೋಡಿದರೂ ತಿಳಿಯುವುದಿಲ್ಲ, ಕೈಗೆ ಬಾರದ ಹಾಲು ಮಗುವಿನ ಬಾಯಿಗೆ ಬರುತ್ತದೆ. ನೋಡಬೇಕಾದದ್ದು ಬಟ್ಟೆಯನ್ನು. ಐದನೇ ದಿನದ ಮೇಲೆ ಮಗು ದಿನಕ್ಕೆ ಆರು ಅಥವಾ ಹೆಚ್ಚು ಸಲ ಉಚ್ಚೆ ಹೊಯ್ದು ಬಟ್ಟೆ ಒದ್ದೆ ಮಾಡುತ್ತಿದ್ದರೆ, ಮೊದಲ ಅಂಟಂಟು ಕಪ್ಪು ಮಲ ಹಸಿರಾಗಿ ನಾಲ್ಕೈದು ದಿನಕ್ಕೆ ಹಳದಿಗೆ ತಿರುಗಿದರೆ, ಹಾಲು ಹೊಟ್ಟೆಗೆ ಹೋಗುತ್ತಿದೆ ಎಂದೇ ಅರ್ಥ. ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ತೂಕ ಹತ್ತನೇ ಒಂದು ಭಾಗದಷ್ಟು ಇಳಿದಿದ್ದರೆ, ಉಚ್ಚೆ ಕಡಿಮೆಯಾಗಿದ್ದರೆ, ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಕಾಯಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಆಗ ಹೊರಗಿನ ಹಾಲು ಬೇಕಾದೀತು. ಅದನ್ನು ಕೊಡುವುದರಲ್ಲಿ ತಾಯಿಗೆ ಅವಮಾನವೇನೂ ಇಲ್ಲ. ಬಾಟಲಿಗಿಂತ ನಮ್ಮ ಮನೆಗಳ ಹಳೆಯ ಒಳಲೆಯೇ ಮೇಲು. ಬಾಟಲಿಯ ರಬ್ಬರ್ ತೊಟ್ಟಿಗೆ ಒಗ್ಗಿದ ಮಗು ಎದೆಗೆ ಮರಳಲು ಹಟ ಮಾಡಬಹುದು, ಜೊತೆಗೆ ಒಳಲೆಯನ್ನು ತೊಳೆದು ಕುದಿಸುವುದೂ ಸುಲಭ.

ಮೂರನೆಯ ದಿನ ನನಗೆ ಹಾಲು ಬಂತು, ಅದೂ ಒಮ್ಮೆಗೇ. ಎದೆ ಕಲ್ಲಿನಂತೆ ಬಿಗಿದು, ಕಂಕುಳವರೆಗೂ ನೋವು ಹಬ್ಬಿ, ಚಳಿ ಹತ್ತಿತು. ಬಿಗಿದ ಎದೆಯ ತೊಟ್ಟು ಚಪ್ಪಟೆಯಾಗುವುದರಿಂದ ಮಗುವಿಗೆ ಹಿಡಿಯಲು ಆಗುವುದಿಲ್ಲ. ಮೊದಲು ಕೈಯಿಂದ ಸ್ವಲ್ಪ ಹಿಂಡಿ ಕಪ್ಪು ಭಾಗವನ್ನು ಮೆತ್ತಗೆ ಮಾಡಿಕೊಂಡು ಹಿಡಿಸಬೇಕು, ಕುಡಿಸಿದ ಮೇಲೆ ತಣ್ಣೀರು ಬಟ್ಟೆ ಹಾಕಬೇಕು. ಗಟ್ಟಿಯಾಗಿ ತಿಕ್ಕಿ ಗಂಟು ಕರಗಿಸಲು ಹೋಗಬಾರದು, ಅದರಿಂದ ಬಾವು ಹೆಚ್ಚುತ್ತದೆ. ಒಂದು ಜಾಗ ಕೆಂಪಾಗಿ ಬಿಸಿಯೇರಿ ಜ್ವರ ಬಂದರೂ ಕುಡಿಸುವುದನ್ನು ನಿಲ್ಲಿಸಬಾರದು, ಆ ಹಾಲು ಮಗುವಿಗೆ ಕೆಡುಕು ಮಾಡುವುದಿಲ್ಲ. ಜ್ವರ ಒಂದು ದಿನದಲ್ಲಿ ಇಳಿಯದಿದ್ದರೆ ಔಷಧ ಬೇಕು.

ಹಾಲು ತಯಾರಾಗುವುದು ಒಂದು ಕೆಲಸವಾದರೆ ಇಳಿಯುವುದು ಇನ್ನೊಂದು. ಮಗು ಚೀಪಿದಾಗ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ಹಾಲಿನ ಗ್ರಂಥಿಗಳ ಸುತ್ತಲಿನ ಪುಟ್ಟ ಸ್ನಾಯುಗಳನ್ನು ಹಿಂಡುತ್ತದೆ. ಮೊದಲ ದಿನಗಳಲ್ಲಿ ಕುಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದೂ ಇದರಿಂದಲೇ, ಅದೇ ಹಾರ್ಮೋನು ಗರ್ಭಕೋಶವನ್ನೂ ಕುಗ್ಗಿಸುತ್ತದೆ. ಈ ಆಕ್ಸಿಟೋಸಿನ್ ಮನಸ್ಸಿನ ಮಾತು ಕೇಳುತ್ತದೆ. 1948ರಲ್ಲಿ ಅಮೆರಿಕದ ಮೈಕೆಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ದಂಪತಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದ ತಾಯಿ ನೈಲ್ಸ್ ಅವರೇ. ಹಾಲು ಕುಡಿಸುವಾಗ ಕಾಲನ್ನು ಮಂಜುಗಡ್ಡೆಯ ನೀರಿನಲ್ಲಿ ಇಡುವುದು, ಲೆಕ್ಕ ಕೇಳಿ ಪೀಡಿಸುವುದು ಹೀಗೆ ಗಮನ ಕೆಡಿಸಿದಾಗ ಮಗುವಿಗೆ ಸಿಕ್ಕ ಹಾಲು ಬಹಳ ಇಳಿಯಿತು. ಅದೇ ಕಿರುಕುಳದ ನಡುವೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಾಗ ಹಾಲು ಬಹುಪಾಲು ಮರಳಿತು. ಹಾಲು ಒಳಗೆ ಇದ್ದೇ ಇತ್ತು, ಇಳಿಯುತ್ತಿರಲಿಲ್ಲ ಅಷ್ಟೆ.

ನಮ್ಮ ಬಾಣಂತಿಯ ಕೋಣೆಯಲ್ಲಿ ಮಂಜುಗಡ್ಡೆ ಇರುವುದಿಲ್ಲ, ಪ್ರಶ್ನೆಗಳಿರುತ್ತವೆ. ಬಂದವರೆಲ್ಲ ಮೊದಲು ಕೇಳುವುದು "ಹಾಲು ಸಾಲುತ್ತಾ?" ಎಂದು. ಕೆಟ್ಟ ಮನಸ್ಸಿನಿಂದ ಯಾರೂ ಕೇಳುವುದಿಲ್ಲ, ಅಕ್ಕರೆಯಿಂದಲೇ ಕೇಳುತ್ತಾರೆ. ಆದರೆ ದಿನಕ್ಕೆ ಹಲವು ಬಾರಿ ಆ ಮಾತು ಕೇಳಿದವಳು ಮಗು ಎದೆ ಹಿಡಿದಾಗಲೆಲ್ಲ ಮೈಯೆಲ್ಲ ಬಿಗಿಹಿಡಿದು ಕೂರುತ್ತಾಳೆ. ನಾನಂತೂ ಹಾಗೆ ಕೂತವಳು. ಒಂದು ಮಧ್ಯಾಹ್ನ ನಮ್ಮಮ್ಮ ಕೋಣೆಯ ಬಾಗಿಲು ಮುಂದೆ ಮಾಡಿ, ನೋಡಲು ಬಂದವರಿಗೆ ಹಜಾರದಲ್ಲೇ ಕಾಫಿ ಕೊಟ್ಟು, "ಮಲಗಿದ್ದಾಳೆ, ಇನ್ನೊಂದಿನ ಬನ್ನಿ" ಎಂದು ಕಳುಹಿಸಿದರು. ಅವರು ಅಂದು ನನಗೆ ಮಾಡಿದ ಉಪಕಾರವನ್ನು ಯಾವ ಔಷಧವೂ ಮಾಡಲಾರದು.

ಬಾಣಂತನದ ಹಳೆಯ ಪದ್ಧತಿಯನ್ನು ಪೂರ್ತಿ ಮೂಢನಂಬಿಕೆಯೆಂದು ತಳ್ಳುವವರ ಜೊತೆ ನಾನಿಲ್ಲ. ತವರಿನಲ್ಲಿ ಕೂರಿಸಿ, ಅಡುಗೆ ಕಸಮುಸುರೆ ಯಾವುದನ್ನೂ ಮುಟ್ಟಗೊಡದೆ, ಎಣ್ಣೆ ಹಚ್ಚಿ ಹಂಡೆ ನೀರು ಹುಯ್ದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿಕೊಡುವ ಆ ಏರ್ಪಾಟಿನ ತಿರುಳು ಒಂದೇ: ಹೆತ್ತವಳು ಹಾಲುಣಿಸಿ ಮಲಗಲಿ, ಮಿಕ್ಕಿದ್ದು ನಮಗಿರಲಿ. ಅದು ಹಾಲಿಗೆ ಬೇಕಾದ ನೆಮ್ಮದಿಯನ್ನೇ ಕೊಡುತ್ತದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಅಂಟಿನುಂಡೆ ತಿಂದರೆ ಹಾಲು ಹೆಚ್ಚುತ್ತದೆಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ, ಆದರೂ ತಾಯಿಗೆ ಪುಷ್ಟಿ ಸಿಗುವುದು ಸುಳ್ಳಲ್ಲ. ಹಾಲೂಡಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚುವರಿ ಆಹಾರ ಬೇಕು. ನಾನು ಒಪ್ಪದಿರುವುದು ಪಥ್ಯದ ಹೆಸರಿನಲ್ಲಿ ಬರೀ ಅನ್ನ ಮೆಣಸಿನ ಸಾರು ಕೊಟ್ಟು, ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಲೋಟ ಕಿತ್ತುಕೊಳ್ಳುವುದನ್ನು. ಹಾಲು ಕುಡಿಸಲು ಕೂತಾಗ ಬರುವ ಬಾಯಾರಿಕೆ ಅಂತಿಂಥದ್ದಲ್ಲ. ಬಾಣಂತಿಗೆ ಕೇಳಿದಷ್ಟು ನೀರು ಕೊಡಿ. ಕೂಸಿಗೆ ಮಾತ್ರ ಆರು ತಿಂಗಳು ತುಂಬುವವರೆಗೆ, ಕಡು ಬೇಸಿಗೆಯಲ್ಲೂ, ಒಂದು ಚಮಚ ನೀರೂ ಬೇಡ. ಎದೆಹಾಲಿನಲ್ಲಿ ಹೆಚ್ಚುಕಡಿಮೆ ಶೇ 87ರಷ್ಟು ನೀರೇ ಇದೆ.

ಡಬ್ಬಿ ಹಾಲಿನ ವ್ಯಾಪಾರಕ್ಕೆ ನಮ್ಮಲ್ಲಿ 1992ರ ಕಾಯ್ದೆಯ ಲಗಾಮಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಒಳ್ಳೆಯ ಕಾಯ್ದೆ. ಆದರೆ ಕಾಯ್ದೆ ಡಬ್ಬಿಯನ್ನು ದೂರ ಇಡಬಹುದು, ಎದೆಗೆ ಮಗು ಹಿಡಿಸಲು ಬರುವುದಿಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇ 63.7. ಉಳಿದ ಮಕ್ಕಳ ತಾಯಂದಿರಲ್ಲಿ ಬಹಳಷ್ಟು ಮಂದಿ ಕುಡಿಸಲು ಹಂಬಲಿಸಿ, ನೋವು ತಿಂದು, ಕೇಳಲು ಯಾರೂ ಇಲ್ಲದೆ ಬಿಟ್ಟವರಿರುತ್ತಾರೆ ಎಂದೇ ನನಗನ್ನಿಸುತ್ತದೆ.

ಎಲ್ಲ ಸಹಾಯ ಸಿಕ್ಕರೂ ಆಗದವರೂ ಇದ್ದಾರೆ. ಅವರಿಗೆ ನೀತಿ ಹೇಳುವ ಹಕ್ಕು ಯಾರಿಗೂ ಇಲ್ಲ. ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿರುವ ಮಕ್ಕಳಿಗೆ ತಾಯಿಯ ಹಾಲು ಸಿಗದಿದ್ದರೆ ಬೇರೆ ತಾಯಂದಿರು ದಾನ ಮಾಡಿದ ಹಾಲು ಜೀವ ಉಳಿಸುತ್ತದೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಅಂಥದ್ದೊಂದು ಇದೆ. ತಾಯಿಯ ಮನಸ್ಸಿನ ಕಡೆಗೂ ಗಮನ ಬೇಕು. ಕಾರಣವಿಲ್ಲದೆ ಅಳು ಬರುವುದು, ಮಗುವಿನ ಮೇಲೆ ಮನಸ್ಸೇ ಇಲ್ಲವೆನಿಸುವುದು, ಮಗು ಮಲಗಿದರೂ ತನಗೆ ನಿದ್ದೆ ಬಾರದಿರುವುದು ಎರಡು ವಾರ ಕಳೆದರೂ ಹೋಗದಿದ್ದರೆ ಅದು ಹಾಲಿನ ಪ್ರಶ್ನೆಯಲ್ಲ, ಬಾಣಂತಿಯ ಖಿನ್ನತೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ.

ಕೆಲಸಕ್ಕೆ ಮರಳುವವರ ಕಷ್ಟ ಬೇರೆಯೇ. ಹೆರಿಗೆ ಸೌಲಭ್ಯದ ಕಾನೂನಿಗೆ ಆದ 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಕೊಡಬೇಕು. ಮನೆಗೆಲಸದವರಿಗೆ, ಕೂಲಿಯವರಿಗೆ, ಕಟ್ಟಡದ ಕೆಲಸದವರಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಅಂಥವರಿಗೆ ಹಾಲು ಹಿಂಡಿಡುವುದನ್ನಾದರೂ ಹೇಳಿಕೊಡಬೇಕು. ತೊಳೆದ ಕೈಯಿಂದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿಟ್ಟ ಹಾಲು ಮನೆಯ ತಂಪು ಜಾಗದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ, ಅಜ್ಜಿ ಒಳಲೆಯಲ್ಲಿ ಕುಡಿಸಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಹಾಯ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಒಂದು ಮಾತು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ಬಂದಾಗ ಮಗುವಿನ ತೂಕ ನೋಡಿ, ಬರೆದುಕೊಂಡು ಹೊರಡುವುದೇ ಹೆಚ್ಚು. ಹಾಗೆ ಹೊರಡಲು ಬಿಡಬೇಡಿ. "ಅಕ್ಕಾ, ಮಗು ಎದ್ದಿದೆ, ಹಾಲು ಕುಡಿಸ್ತೀನಿ, ಪೂರ್ತಿ ಕೂತು ನೋಡಿ" ಎಂದು ಕೇಳಿ. ಅವರಿಗೆ ಆ ತರಬೇತಿ ಕೊಟ್ಟಿರುತ್ತಾರೆ. ಕೇಳಲು ಬಾಣಂತಿಗೆ ಸಂಕೋಚವಾದರೆ ಗಂಡ ಕೇಳಲಿ, ಅತ್ತೆ ಕೇಳಲಿ. ಮೂರನೇ ದಿನದ ಭೇಟಿಯಲ್ಲೇ ಕೇಳಿದರೆ ಒಳ್ಳೆಯದು, ಏಕೆಂದರೆ ಹಾಲು ಬರುವುದೂ ತೊಟ್ಟು ಬಿರಿಯುವುದೂ ಡಬ್ಬಿ ಮನೆಗೆ ಬರುವುದೂ ಹೆಚ್ಚಾಗಿ ಅದೇ ದಿನಗಳಲ್ಲಿ.